ಅಕ್ಷರಾನುಕ್ರಮದ ಶ್ರವಣ

ಶ್ರೀಮಠದ ಪ್ರೌಢಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ ಅವರು ನನ್ನಿಂದ ನಿರೀಕ್ಷಿಸಿದ್ದು ಷಟ್ಪದಿಯ ಲಕ್ಷಣವನ್ನೋ ಹರಿಹರನ ರಗಳೆಗಳ ವಿವೇಚನೆಯನ್ನೋ ಆಗಿದ್ದಿರಬೇಕು. ಅವುಗಳನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬರೆದಿದ್ದೇನೆ. ವಾಚಕರೂ ಸಾಕಷ್ಟು ಸಹಿಸಿದ್ದಾರೆ. ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ಸಹೃದಯರ ಅನುಜ್ಞೆಯನ್ನು ಬೇಡುತ್ತೇನೆ. ನಮ್ಮ ಮನೆಯ ಕಪಾಟಿನಲ್ಲಿ ೧೧೮ ರಾಕ್ ಸಂಗೀತದ ಆಲ್ಬಮ್ಮುಗಳಿವೆ. ಅವುಗಳನ್ನು ದಿನಕ್ಕೊಂದರಂತೆ, ಅಕ್ಷರಾನುಕ್ರಮದಲ್ಲಿ, ಒಂದನ್ನೂ ಬಿಡದೆ ಈಚೆಗೆ ಕೇಳಿ ಮುಗಿಸಿದೆ. ಕನ್ನಡ ಪಂಡಿತನ ಮನೆಗೆ ಇವು ಹೇಗೆ ಬಂದುವೆಂದು ಕೇಳುವವರು ಉಂಟು. ವಿದ್ವತ್ ವ್ಯಾಸಂಗದ ಕಾಲದಲ್ಲಿ ನನ್ನ ಕೊಠಡಿಯಲ್ಲಿದ್ದವನು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಹಗಲೆಲ್ಲ ನನ್ನ ಶಬ್ದಮಣಿದರ್ಪಣದ ಸೂತ್ರಪಾಠವನ್ನು ಅವನು ಕೇಳಬೇಕಾಗಿತ್ತು. ರಾತ್ರಿ ಅವನ ಟೇಪ್ ರೆಕಾರ್ಡರನ್ನು ನಾನು ಕೇಳಬೇಕಾಗಿತ್ತು. ಅವನಿಗೆ ಕೇಶಿರಾಜನು ಹತ್ತಲಿಲ್ಲ. ನನಗೆ ರಾಕ್ ಹತ್ತಿತು. ಸಂಬಳ ಬರತೊಡಗಿದ ಮೇಲೆ ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕ ಗ್ರಾಮಫೋನ್ ತಟ್ಟೆಗಳು, ಹೀಗೆ ಮೂವತ್ತು ವರ್ಷಗಳಲ್ಲಿ ಕಪಾಟು ತುಂಬಿತು.

ಎಲ್ಲವನ್ನೂ ಒಮ್ಮೆ ಕೇಳಿಬಿಡಬೇಕೆಂಬ ಸಂಕಲ್ಪಕ್ಕೆ ಕಾರಣವಾದದ್ದು ನನ್ನ ಬಲಗಿವಿ. ಎರಡು ವರ್ಷಗಳಿಂದೀಚೆಗೆ ತರಗತಿಯಲ್ಲಿ ಹುಡುಗರು ಪದ್ಯ ಓದುವಾಗ ಬಲಭಾಗದ ಬೆಂಚುಗಳಿಂದ ಬರುವ ಶಕಾರವೂ ಸಕಾರವೂ ನನಗೆ ಒಂದೇ ಆಗಿ ಕೇಳತೊಡಗಿದುವು. ಶಂಕರನನ್ನು ಸಂಕರ ಎಂದವನ ಕಿವಿ ಹಿಂಡುವುದೇ ವೃತ್ತಿಯಾಗಿರುವವನಿಗೆ ಇದೆಂಥ ವಿಪತ್ತೆಂಬುದನ್ನು ಉಪಾಧ್ಯಾಯ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಪರೀಕ್ಷಿಸಿದ ವೈದ್ಯರು ರೇಖಾಚಿತ್ರವೊಂದನ್ನು ಮುಂದಿಟ್ಟರು. ತಾರಸ್ಥಾಯಿಯ ನಾದಗಳು ಮೊದಲು ಹೋಗುತ್ತವೆ, ಊಷ್ಮಾಕ್ಷರಗಳು ಆ ಸ್ಥಾಯಿಯವೇ ಆದ್ದರಿಂದ ಅವೇ ಮೊದಲು ಮಸುಕಾಗುತ್ತವೆ, ಎಡಗಿವಿಯೂ ಇದೇ ದಾರಿಯನ್ನು ಹಿಡಿಯಬಹುದು ಎಂದರು. ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ. ಸಂಗೀತ ಈಗಿನಂತೆ ಇರುತ್ತದೆಂದು ಹೇಳಲಾರೆ ಎಂದೂ ಸೇರಿಸಿದರು. ಇರುವ ಕಿವಿಯಿಂದ ಇರುವುದನ್ನೆಲ್ಲ ಕೇಳಿಬಿಡೋಣವೆಂದು ಅಂದೇ ನಿಶ್ಚಯಿಸಿದೆ.

ಆದರೆ ಯಾವ ಕ್ರಮದಲ್ಲಿ? ಇಷ್ಟವಾದುದನ್ನು ಮೊದಲು ಕೇಳುತ್ತೇನೆಂದು ಹೊರಟರೆ ಆ ಹತ್ತನ್ನೇ ಮತ್ತೆ ಮತ್ತೆ ಕೇಳುತ್ತ ಉಳಿದ ನೂರೆಂಟನ್ನು ಮುಟ್ಟುವುದೇ ಇಲ್ಲ. ಮನಸ್ಸಿನ ಸ್ವಭಾವವೇ ಹಾಗೆ. ಕಾಲಾನುಕ್ರಮವೆಂದರೆ ಅದು ಚರಿತ್ರೆಯ ಪಾಠವಾಗುತ್ತದೆ. ಮುಂದೇನು ಬರುವುದೆಂದು ಮೊದಲೇ ತಿಳಿದಿರುತ್ತದೆ. ನಮ್ಮ ಪೂರ್ವಿಕರು ಕೋಶಗಳನ್ನು ವಿಷಯಾನುಸಾರವಾಗಿ ಕಟ್ಟಿದರು. ಅಮರಕೋಶದಲ್ಲಿ ಸ್ವರ್ಗವರ್ಗ ಮೊದಲು, ಭೂಮಿ ಆಮೇಲೆ. ದೇವತೆಗಳಿಗೆ ಅಗ್ರಪೂಜೆ ಸಲ್ಲುವ ವ್ಯವಸ್ಥೆ ಅದು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟಿನಲ್ಲಾದರೋ ದೇವರೂ ದೇವದಾರುವೂ ಒಂದೇ ಪಂಕ್ತಿಯಲ್ಲಿ ಕೂಡಬೇಕು. ಈ ಪಂಕ್ತಿಭೇದವಿಲ್ಲದ ಕ್ರಮವೇ ನನಗೆ ಬೇಕಾಗಿತ್ತು.

ಅಕ್ಷರಾನುಕ್ರಮವೆಂದ ಮೇಲೆ ಯಾರ ಅಕ್ಷರ ಎಂಬ ಪ್ರಶ್ನೆ. ನಮ್ಮ ವರ್ಣಮಾಲೆಯ ವರ್ಗಗಳು ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ಹಾದು ತುಟಿಗೆ ಬರುತ್ತವೆ, ಅದೊಂದು ಶಾಸ್ತ್ರ. ರೋಮನ್ ಅಕ್ಷರಮಾಲೆಗೆ ಅಂಥ ನ್ಯಾಯವಿಲ್ಲ. ಫಿನೀಷಿಯದ ವರ್ತಕರಿಂದ ಗ್ರೀಕರಿಗೂ ಅಲ್ಲಿಂದ ರೋಮನರಿಗೂ ಬಂದ ಹಳೆಯ ಸರಣಿ ಅದು. ಎ ಆದ ಮೇಲೆ ಬಿ ಏಕೆಂದು ಬಾಯಿಯನ್ನು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ನಮ್ಮ ಕ್ರಮವನ್ನೇ ಅನುಸರಿಸಲು ಮೊದಲು ಯತ್ನಿಸಿದೆ. ಡಬ್ಲ್ಯು ಅಕ್ಷರದಿಂದ ಬರೆದು ಹಕಾರದಿಂದ ಉಚ್ಚರಿಸುವ 'ದ ಹೂ' ಎಂಬ ತಂಡದ ಬಳಿಗೆ ಬಂದಾಗ, ಪರರ ಹೆಸರುಗಳನ್ನು ಪರರ ಅಕ್ಷರದಲ್ಲಿಯೇ ಎಣಿಸುವುದು ಸೌಜನ್ಯವೆಂದು ತೋರಿ ಇಂಗ್ಲಿಷ್ ಕ್ರಮಕ್ಕೇ ಒಪ್ಪಿದೆ. 'ದ' ಎಂಬ ಉಪಪದವನ್ನು ಗ್ರಂಥಪಾಲಕರಂತೆ ಲೆಕ್ಕದಿಂದ ಬಿಟ್ಟೆ. ಪ್ರತಿ ಹೆಸರಿನ ಹಿಂದಿರುವ ಶ್ರೀಕಾರವನ್ನು ಎಣಿಸಿದರೆ ನಮ್ಮ ಮಠದ ದಾನಿಗಳ ಪಟ್ಟಿಯೆಲ್ಲ ಶಕಾರದಲ್ಲೇ ಮುಗಿಯುತ್ತದಲ್ಲವೆ?

ಹೀಗಾಗಿ ಮೊದಲ ದಿನದ ಪಾಳಿ ಆಸ್ಟ್ರೇಲಿಯದ ಎ.ಸಿ./ಡಿ.ಸಿ. ತಂಡದ 'ಬ್ಯಾಕ್ ಇನ್ ಬ್ಲ್ಯಾಕ್' ಎಂಬುದಕ್ಕೆ ಬಂತು. ೧೯೮೦ರ ಫೆಬ್ರವರಿಯಲ್ಲಿ ಆ ತಂಡದ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಉಳಿದವರು ಬ್ರಯಾನ್ ಜಾನ್‌ಸನ್ ಎಂಬ ಹೊಸ ಗಾಯಕರೊಡನೆ ಅದೇ ವರ್ಷದ ಜುಲೈಯಲ್ಲಿ ಈ ಆಲ್ಬಮ್ಮನ್ನು ಹೊರತಂದರು. ಮುಖಪುಟ ಪೂರ್ತಿ ಕಪ್ಪು. ಅದು ಸೂತಕದ ಬಣ್ಣ. ಆರಂಭದಲ್ಲಿ ಹಾಡಿಲ್ಲ, ಒಂದು ದೊಡ್ಡ ಗಂಟೆಯ ನಾದ. ಇಂಗ್ಲೆಂಡಿನ ಲಾಫ್‌ಬರೊ ಎಂಬ ಊರಿನಲ್ಲಿ ಗಂಟೆಗಳನ್ನು ಎರಕ ಹೊಯ್ಯುವ ಟೇಲರ್ ಮನೆತನದ ಕಾರ್ಖಾನೆಯಲ್ಲಿ ಸಿದ್ಧವಾದ ಗಂಟೆ ಅದು. ಅಡುಗೆಯ ಮನೆಯಿಂದ ನನ್ನ ಮನೆಯವರು, "ಯಾವ ಗುಡಿ ಗಂಟಿ ರೀ ಇದು? ಇಷ್ಟು ಸಾವಕಾಶ ಬಾರಸ್ತಾರಲ್ಲ!" ಎಂದರು. ಮುಂದೆ ಗಿಟಾರು ಎದ್ದಾಗ ಅವರ ಅಭಿಪ್ರಾಯ ಬದಲಾಯಿತು; ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಜಾನ್‌ಸನ್ ಅವರಿಗೇ ೨೦೧೬ರಲ್ಲಿ, ವೇದಿಕೆಯ ಮೇಲೆ ಹಾಡುವುದನ್ನು ನಿಲ್ಲಿಸದಿದ್ದರೆ ಶ್ರವಣಶಕ್ತಿ ಪೂರ್ಣ ಹೋದೀತೆಂದು ವೈದ್ಯರು ಎಚ್ಚರಿಕೆ ಕೊಟ್ಟರು. ಅವರು ಪ್ರವಾಸವನ್ನು ನಡುವೆಯೇ ಬಿಟ್ಟರು. ೨೦೨೦ರ ಆಲ್ಬಮ್ಮಿನಲ್ಲಿ ಮರಳಿ ಹಾಡಿದರು. ನನ್ನ ಯಾತ್ರೆಯ ಪ್ರಥಮ ದಿನವೇ ಸಮದುಃಖಿಯೊಬ್ಬರು ದೊರೆತರೆಂದು ಸಮಾಧಾನಪಟ್ಟೆ.

ಆಲ್‌ಮನ್ ಸೋದರರ ತಂಡ ೧೯೭೧ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಬಾರಿಸಿದ ಕಚೇರಿಯಲ್ಲಿ ಒಂದು ಹಾಡು ೨೩ ನಿಮಿಷ ಬೆಳೆಯುತ್ತದೆ. ಇಬ್ಬರು ಗಿಟಾರಿನವರು ಒಬ್ಬರ ಸ್ವರವನ್ನು ಇನ್ನೊಬ್ಬರು ಎತ್ತಿಕೊಂಡು ವಿಸ್ತರಿಸುವ ಬಗೆಯನ್ನು ಕೇಳಿದರೆ ರಾಕ್ ಎಂದರೆ ಮೂರು ನಿಮಿಷಗಳ ಗದ್ದಲವೆನ್ನುವವರು ಸುಮ್ಮನಾಗಬೇಕು. ಹಿರಿಯ ಸೋದರ ಡ್ವೇನ್ ಅದೇ ಅಕ್ಟೋಬರಿನಲ್ಲಿ ಮೋಟಾರು ಸೈಕಲ್ ಅಪಘಾತದಲ್ಲಿ ಮಡಿದಾಗ ಅವರಿಗೆ ೨೪ ವರ್ಷ.

ಬಿ ಅಕ್ಷರದ ಬೀಟಲ್ಸ್ ಬಂದಾಗ ಅಕ್ಷರಾನುಕ್ರಮದ ವಿಚಿತ್ರ ಲೀಲೆ ನನ್ನ ಅನುಭವಕ್ಕೆ ಬಂತು. ಈ ನಾಲ್ವರು ಕೊನೆಯದಾಗಿ ಕೂಡಿ ಮುದ್ರಿಸಿದ 'ಅಬೆ ರೋಡ್' (೧೯೬೯) ಎ ಅಕ್ಷರದ್ದಾದ್ದರಿಂದ ಮೊದಲು ಬರುತ್ತದೆ. ಮೊದಲು ಮುದ್ರಿಸಿದ 'ಪ್ಲೀಸ್ ಪ್ಲೀಸ್ ಮಿ' (೧೯೬೩) ಬಹಳ ಹಿಂದೆ ಬೀಳುತ್ತದೆ. ಒಬ್ಬರನ್ನೊಬ್ಬರು ಸಹಿಸಲಾರದ ಸ್ಥಿತಿಗೆ ಬಂದಿದ್ದ ನಡುಪ್ರಾಯದ ಆಯಾಸವನ್ನು ಮೊದಲು ಕೇಳಿದೆ. ದಿನಗಳು ಕಳೆದಂತೆ ಅವರು ಎಳೆಯರಾಗುತ್ತ, ಮತ್ತೆ ಹಿರಿಯರಾಗುತ್ತ, ಕಡೆಗೆ ಒಂದೇ ದಿನದಲ್ಲಿ, ೧೯೬೩ರ ಫೆಬ್ರವರಿ ೧೧ರಂದು, ಹತ್ತು ಹಾಡುಗಳನ್ನು ಹಾಡಿ ಗಂಟಲು ಹರಿದುಕೊಂಡ ಹುಡುಗರಾಗಿ ಎದುರು ನಿಂತರು. ಮುಂದಿನ ಕಲಹವೆಲ್ಲ ನನಗೆ ತಿಳಿದಿದೆ, ಅವರಿಗೆ ತಿಳಿಯದು. ಆ ಉಲ್ಲಾಸವನ್ನು ಕೇಳುತ್ತ ನನ್ನ ಕಣ್ಣು ಒದ್ದೆಯಾಯಿತು. ಮೊದಲಿಂದ ಕೊನೆಗೆ ಕೇಳಿದ್ದಾಗ ಎಂದೂ ಹೀಗಾಗಿರಲಿಲ್ಲ.

ಇನ್ನೊಂದು ಸಂಗತಿಯೂ ಅಲ್ಲಿಯೇ ಘಟಿಸಿತು. ಅವರ ಮೊದಲ ಎರಡು ಆಲ್ಬಮ್ಮುಗಳ ಕಾಲದಲ್ಲಿ ಲಂಡನ್ನಿನ ಆ ಸ್ಟುಡಿಯೋದಲ್ಲಿ ಎರಡು ಪಟ್ಟಿಗಳ ಯಂತ್ರ ಬಳಕೆಯಲ್ಲಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ವಾದ್ಯಗಳನ್ನು ಒಂದು ಪಟ್ಟಿಯಲ್ಲಿಯೂ ಕಂಠವನ್ನು ಇನ್ನೊಂದರಲ್ಲಿಯೂ ಇರಿಸುತ್ತಿದ್ದರು. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರಸಿ ಒಂದೇ ಧ್ವನಿಧಾರೆಯಾಗಿ ಮಾಡುವುದು ಅವರ ಉದ್ದೇಶ. ಸ್ಟೀರಿಯೊ ಪ್ರತಿಯಲ್ಲಿ ಮಾತ್ರ ಎಡಕ್ಕೆ ವಾದ್ಯ, ಬಲಕ್ಕೆ ಕಂಠ ಎಂದು ಬೇರೆಬೇರೆಯಾಗಿಯೇ ಉಳಿಯಿತು. ನನ್ನಲ್ಲಿರುವುದು ೨೦೦೯ರಲ್ಲಿ ಹೊರಬಂದ ಸ್ಟೀರಿಯೊ ಸಿ.ಡಿ. ಇಯರ್‌ಫೋನ್ ಇಟ್ಟುಕೊಂಡು ಕೇಳಿದೆ. ಎಡಗಿವಿಯಲ್ಲಿ ಗಿಟಾರು, ಡ್ರಮ್ಮು ಸ್ಪಷ್ಟ. ಬಲಗಿವಿಯಲ್ಲಿ ಹಾಡುವವರು ಪಕ್ಕದ ಓಣಿಯಲ್ಲಿದ್ದಂತೆ ದೂರ. ಇಯರ್‌ಫೋನನ್ನು ಅದಲುಬದಲು ಮಾಡಿದೆ. ಹಾಡು ಬಳಿಗೆ ಬಂತು, ವಾದ್ಯ ಓಣಿಗೆ ಹೋಯಿತು. ವೈದ್ಯರ ರೇಖಾಚಿತ್ರದಲ್ಲಿ ನೋಡಿದ್ದನ್ನು ಇಲ್ಲಿ ಕಿವಿಯಾರೆ ಕಂಡೆ. ಆ ಎರಡು ಆಲ್ಬಮ್ಮುಗಳನ್ನು ಮಾತ್ರ ಎರಡೆರಡು ಬಾರಿ, ಒಮ್ಮೆ ಹೀಗೆ ಒಮ್ಮೆ ಹಾಗೆ, ಕೇಳಿ ಮನಸ್ಸಿನಲ್ಲಿ ಕೂಡಿಸಿಕೊಂಡೆ.

ಬೀಟಲ್ಸ್ ಆದೊಡನೆ ಬ್ಲ್ಯಾಕ್ ಸಬ್ಬತ್. ಕಾಲದಲ್ಲಿ ಕೆಲವೇ ವರ್ಷಗಳ, ಸ್ವಭಾವದಲ್ಲಿ ಯೋಜನಗಳ ಅಂತರವುಳ್ಳ ಇವರನ್ನು ಅಕ್ಷರವೊಂದೇ ನೆರೆಹೊರೆಯವರನ್ನಾಗಿ ಮಾಡಬಲ್ಲುದು. ಈ ತಂಡದ ಗಿಟಾರು ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಲೋಹದ ತಗಡಿನ ಕಾರ್ಖಾನೆಯ ಕೆಲಸಗಾರರಾಗಿದ್ದರು. ಹದಿನೇಳನೆಯ ವಯಸ್ಸಿನಲ್ಲಿ, ಆ ಕೆಲಸದ ಕಟ್ಟಕಡೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದುವು. ಅವರು ಎಡಚರಾದ್ದರಿಂದ ತಂತಿಯನ್ನು ಒತ್ತಬೇಕಾದ ಕೈ ಅದೇ. ಎರಡೇ ಬೆರಳುಗಳ ಬಲದಿಂದ ಎಡಗೈ ಓಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್ ಎಂಬ ಹಿರಿಯ ವಾದಕರ ಧ್ವನಿಮುದ್ರಿಕೆಯನ್ನು ಕೇಳಿ ಧೈರ್ಯ ತಂದುಕೊಂಡರು. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ ಅದಕ್ಕೆ ಚರ್ಮ ಹೊದಿಸಿದರು. ಮುಂದೆ ತಂತಿಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದರು. ೧೯೭೧ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಆ ತಗ್ಗಿನ ಭಾರವಾದ ನಾದವನ್ನು ಕೇಳಬಹುದು. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಮಾರ್ಗದ ಗಡಸು ಧ್ವನಿಗೆ ಒಬ್ಬ ಕಾರ್ಮಿಕನ ಗಾಯವೂ ಕಾರಣವೆಂದಾಯಿತು. ಕಾಯಕದ ಮಾತನ್ನು ನಿತ್ಯ ಕೇಳುವ ನಮ್ಮಂಥವರು ಆ ಬೆರಳುಗಳನ್ನು ಸ್ವಲ್ಪ ಗೌರವದಿಂದ ನೋಡಬೇಕು. ಅವರ ಮೊದಲ ಆಲ್ಬಮ್ಮು ಮುದ್ರಿತವಾದದ್ದೂ ಒಂದೇ ದಿನದಲ್ಲಿ, ೧೯೬೯ರ ಅಕ್ಟೋಬರಿನಲ್ಲಿ. ಗಾಯಕ ಓಝಿ ಆಸ್‌ಬರ್ನ್ ೨೦೨೫ರ ಜುಲೈ ೫ರಂದು ತಮ್ಮ ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಕಚೇರಿ ನಡೆಸಿ ೨೨ರಂದು ತೀರಿಕೊಂಡರು.

ಡಿ ಅಕ್ಷರವನ್ನು ಬೇಗ ದಾಟುತ್ತೇನೆ. ಡೀಪ್ ಪರ್ಪಲ್ ತಂಡದ 'ಮಷೀನ್ ಹೆಡ್' (೧೯೭೨) ಎಂಬುದರಲ್ಲಿ ಒಂದು ಹಾಡು ಶುದ್ಧ ವರದಿ. ೧೯೭೧ರ ಡಿಸೆಂಬರ್ ೪ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿನಲ್ಲಿ ಫ್ರಾಂಕ್ ಝಾಪ್ಪಾ ಅವರ ಕಚೇರಿ ನಡೆಯುತ್ತಿರುವಾಗ ಸಭಾಭವನಕ್ಕೆ ಬೆಂಕಿ ಬಿದ್ದುದು, ಸರೋವರದ ಮೇಲೆ ಹೊಗೆ ಹಬ್ಬಿದುದು, ತಮ್ಮ ಧ್ವನಿಮುದ್ರಣಕ್ಕೆ ಜಾಗವಿಲ್ಲದಂತಾದುದು ಇಷ್ಟೇ ವಸ್ತು. ಅಲಂಕಾರವೊಂದೂ ಇಲ್ಲ. ಬಾಬ್ ಡಿಲನ್ ಅವರಿಗೆ ೨೦೧೬ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ಹಾಡಿಗೆ ಸಾಹಿತ್ಯದ ಪಟ್ಟವೆ ಎಂದು ಹುಬ್ಬೇರಿಸಿದ ವಿದ್ವಾಂಸರಿದ್ದರು. ಹಾಡಿದ್ದನ್ನೇ ಸಾಹಿತ್ಯವೆಂದು ಶತಮಾನಗಳಿಂದ ಕಲಿಸುತ್ತ ಬಂದಿರುವ ನಾಡಿನವರು ಹುಬ್ಬನ್ನು ಇದ್ದಲ್ಲಿಯೇ ಇಟ್ಟುಕೊಳ್ಳಬಹುದಾಗಿತ್ತು.

ಎಲ್ ಅಕ್ಷರದಲ್ಲಿ ನನ್ನ ನಿಯಮಕ್ಕೆ ಒಂದು ವಿಘ್ನ ಬಂತು. ಲೆಡ್ ಜೆಪ್ಪೆಲಿನ್ ತಂಡವು ೧೯೭೧ರಲ್ಲಿ ಹೊರತಂದ ನಾಲ್ಕನೆಯ ಆಲ್ಬಮ್ಮಿಗೆ ಹೆಸರೇ ಇಲ್ಲ. ಹೊದಿಕೆಯ ಮೇಲೆ ತಂಡದ ಹೆಸರೂ ಇಲ್ಲ. ಬೆನ್ನ ಮೇಲೆ ಸೌದೆ ಹೊರೆ ಹೊತ್ತ ಮುದುಕನೊಬ್ಬನ ಚಿತ್ರ, ಒಳಗೆ ನಾಲ್ವರು ಆರಿಸಿಕೊಂಡ ನಾಲ್ಕು ಚಿಹ್ನೆಗಳು, ಅಷ್ಟೇ. ಹಿಂದಿನದನ್ನು ಪತ್ರಿಕೆಗಳು ಜರೆದಿದ್ದುವು. ಹೆಸರಿನ ಬಲದಿಂದ ಮಾರಾಟವಾಗುತ್ತದೆಂಬ ಮಾತು ಬೇಡ, ಒಳಗಿನ ನಾದ ತಾನೇ ನಿಲ್ಲಲಿ ಎಂಬುದು ಗಿಟಾರು ವಾದಕ ಜಿಮ್ಮಿ ಪೇಜ್ ಅವರ ಹಟ. ಕೋಟಿಗಟ್ಟಲೆ ಪ್ರತಿಗಳು ಮಾರಿದುವೆಂಬುದು ಬೇರೆ ಮಾತು. ಅಂಗಡಿಯವರು ಇದನ್ನು 'ನಾಲ್ಕು' ಎಂದು ಕರೆಯುತ್ತಾರೆ. ಅದು ಅವರಿಟ್ಟ ಹೆಸರಲ್ಲವಾದ್ದರಿಂದ ನಾನು ಒಪ್ಪಲಿಲ್ಲ. ಅಕ್ಷರವೇ ಇಲ್ಲದುದನ್ನು ಅಕ್ಷರಗಳ ನಡುವೆ ಎಲ್ಲಿ ಕೂಡಿಸುವುದು? ನಾಮರೂಪಗಳಿಲ್ಲದುದಕ್ಕೆ ಶೂನ್ಯವೆಂದು ಹೆಸರಿಟ್ಟು ಸಿಂಹಾಸನವನ್ನೇ ಹಾಕಿದ ಪರಂಪರೆ ನಮ್ಮದು. ಆ ಬಲದಿಂದ, ಇದನ್ನು ಆ ತಂಡದ ಸಾಲಿಗಲ್ಲ, ಇಡೀ ಕಪಾಟಿಗೇ ಮೊದಲು, ಎ ಅಕ್ಷರಕ್ಕೂ ಹಿಂದೆ ಇರಿಸಿದೆ. ನಡುವೆ ನಿಂತು ಕೇಳಿದೆನಾದರೂ ಸ್ಥಾನ ಅದಕ್ಕೆ ಅಲ್ಲಿ.

ಪಿಂಕ್ ಫ್ಲಾಯ್ಡ್ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ. ಆದ್ದರಿಂದ ಎಫ್‌ನಲ್ಲಿ ಹುಡುಕದೆ ಪಿಯಲ್ಲಿ ಹುಡುಕಬೇಕು. 'ದ ಡಾರ್ಕ್ ಸೈಡ್ ಆಫ್ ದ ಮೂನ್' (೧೯೭೩) ಹೃದಯದ ಬಡಿತದಿಂದ ಆರಂಭವಾಗಿ ಅದರಿಂದಲೇ ಮುಗಿಯುತ್ತದೆ. ಆ ಬಡಿತ ಮಂದ್ರದ್ದು. ನನ್ನ ಎರಡು ಕಿವಿಗಳಿಗೂ ಸಮನಾಗಿ ಕೇಳಿತು. ಅವರ 'ವಿಷ್ ಯು ವರ್ ಹಿಯರ್' (೧೯೭೫) ಸಿಡ್ ಬ್ಯಾರೆಟ್ ಎಂಬ ಸ್ಥಾಪಕ ಸದಸ್ಯರನ್ನು ನೆನೆದು ಕಟ್ಟಿದುದು. ಪ್ರತಿಭಾವಂತರಾದ ಸಿಡ್ ಚಿತ್ತಸ್ವಾಸ್ಥ್ಯ ಕೆಟ್ಟು ತಂಡದಿಂದ ೧೯೬೮ರಲ್ಲಿ ದೂರವಾಗಿದ್ದರು. ೧೯೭೫ರ ಜೂನ್ ೫ರಂದು ಧ್ವನಿಮುದ್ರಣ ಸಾಗಿರುವಾಗ ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ಸ್ಥೂಲಕಾಯನೊಬ್ಬನು ಸ್ಟುಡಿಯೋಕ್ಕೆ ಬಂದು ನಿಂತನು. ಯಾರೂ ಗುರುತು ಹಿಡಿಯಲಿಲ್ಲ. ತಾವು ಯಾರಿಗಾಗಿ ಹಾಡುತ್ತಿದ್ದರೋ ಅವನೇ ಈತನೆಂದು ತಿಳಿದಾಗ ಗೆಳೆಯರು ಅತ್ತರಂತೆ. ಮೂವತ್ತು ವರ್ಷಗಳ ಮೇಲೆ ಬರುವ ಹಳೆಯ ವಿದ್ಯಾರ್ಥಿಗಳನ್ನು ಗುರುತಿಸಲಾರದೆ ಎದ್ದು ನಿಲ್ಲುವ ನಮಗೆ ಈ ಕಥೆ ಅಪರಿಚಿತವಲ್ಲ.

ಆರ್ ಅಕ್ಷರದಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ಮತ್ತು ರೋಲಿಂಗ್ ಸ್ಟೋನ್ಸ್ ತಂಡಗಳ ನಡುವೆ ನಮ್ಮವರೊಬ್ಬರು ಕುಳಿತಿದ್ದಾರೆ. ಅವರು ರಘು ದೀಕ್ಷಿತ್. ಮನೆತನದ ಹೆಸರನ್ನು ಹಿಡಿದರೆ ಡಿಗೆ ಹೋಗಬೇಕಾಗಿತ್ತು. ನಮ್ಮವರನ್ನು ನಾವು ಇಟ್ಟ ಹೆಸರಿನಿಂದ ಕರೆಯುವುದೇ ರೂಢಿಯಾದ್ದರಿಂದ ಆರ್‌ನಲ್ಲಿರಿಸಿದೆ. ೨೦೦೮ರ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫ ಸಾಹೇಬರ ಗುಡುಗುಡಿಯ ಪದವನ್ನು ಗಿಟಾರು ಡ್ರಮ್ಮುಗಳೊಡನೆ ಹಾಡಿದ್ದಾರೆ. ಭಜನೆಯ ತಾಳಕ್ಕೆ ಒಗ್ಗಿದ ಕಿವಿಗೆ ಮೊದಲು ಬಿರುಸೆನಿಸುತ್ತದೆ. ಆದರೆ ಆ ಸಂತನ ಪದಕ್ಕೆ ಬಿರುಸು ಹೊಸದೆಂದು ಯಾರು ಹೇಳಿದರು?

ರೋಲಿಂಗ್ ಸ್ಟೋನ್ಸ್ ಕೇಳುತ್ತಿದ್ದ ಸಂಜೆ ಪ್ರಸಾದನಿಲಯದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ವ್ಯಾಕರಣ ಪುಸ್ತಕವನ್ನು ಮರಳಿಸಲು ಬಂದ. ಬಾಗಿಲಲ್ಲೇ ನಿಂತು ಕೈಬೆರಳಿನಿಂದ ಏನನ್ನೋ ಎಣಿಸುತ್ತಿದ್ದ. ಏನೆಂದು ಕೇಳಿದೆ. "ಡ್ರಮ್ಮಿನ ಜೋಡಿ ಸಣ್ಣ ತಾಳ ಒಂದು ಹೊಡಿತಾರಲ್ರೀ ಸರ್, ಚಿಸ್ ಚಿಸ್ ಅಂತ. ನಡುನಡುವೆ ಒಂದೊಂದು ಬಿಡ್ತಾರ್ರೀ," ಎಂದ. ಅದು ಹೈ-ಹ್ಯಾಟ್ ಎಂಬ ಜೋಡಿ ಕಂಚಿನ ತಟ್ಟೆ. ಆ ತಂಡದ ಡ್ರಮ್ಮು ವಾದಕರಾಗಿದ್ದ ಚಾರ್ಲಿ ವಾಟ್ಸ್ (೨೦೨೧ರಲ್ಲಿ ತೀರಿಕೊಂಡರು) ಪಕ್ಕದ ಡ್ರಮ್ಮನ್ನು ಹೊಡೆಯುವಾಗ ಹೈ-ಹ್ಯಾಟಿನಿಂದ ಕೋಲನ್ನು ಎತ್ತಿಬಿಡುತ್ತಿದ್ದರು. ಬಲ್ಲವರೆಲ್ಲ ಹೊಗಳುವ ಸೂಕ್ಷ್ಮ ಅದು. ವಿಷಯ ನನಗೆ ಓದಿ ಗೊತ್ತಿತ್ತು, ಹಿಂದೆ ಕೇಳಿಯೂ ಇದ್ದೆ. ಅಂದು ನನಗೆ ಡ್ರಮ್ಮು ಮಾತ್ರ ಕೇಳುತ್ತಿತ್ತು. ಹುಡುಗನನ್ನು ಎದುರಿಗೆ ಕೂಡಿಸಿ, ತಾಳ ಬಿದ್ದಾಗಲೆಲ್ಲ ಮೇಜಿನ ಮೇಲೆ ಬೆರಳು ತಟ್ಟಲು ಹೇಳಿದೆ. ಅವನು ತಟ್ಟುತ್ತ ಹೋದ, ಬಿಡಬೇಕಾದಲ್ಲಿ ಬಿಟ್ಟ. ಎರಡು ಹಾಡುಗಳ ಮಟ್ಟಿಗೆ ಆ ಕಂಚಿನ ತಟ್ಟೆಯನ್ನು ಅವನ ಬೆರಳಿನಲ್ಲಿ ನೋಡಿದೆ. ಮರುದಿನದಿಂದ ಅವನು ಕರೆಯದೆಯೇ ಬರತೊಡಗಿದ. ಸಂಧಿಪ್ರಕರಣವನ್ನೂ ಜೊತೆಯಲ್ಲಿ ಮುಗಿಸಿದೆವೆಂದು ಮುಖ್ಯೋಪಾಧ್ಯಾಯರ ಅವಗಾಹನೆಗೆ ತರುತ್ತೇನೆ.

ಡಬ್ಲ್ಯುವಿನ 'ದ ಹೂ' ತಂಡದ 'ಹೂಸ್ ನೆಕ್ಸ್ಟ್' (೧೯೭೧) ಧಾರವಾಡದ ಸೀಮೆಯವರು ಗಮನಿಸಬೇಕಾದುದು. ಅದರ ಮೊದಲ ಹಾಡಿನ ಹೆಸರಿನಲ್ಲಿ ಇಬ್ಬರಿದ್ದಾರೆ. ಪುಣೆಯಲ್ಲಿ ಹುಟ್ಟಿದ ಮೆಹರ್ ಬಾಬಾ ಒಬ್ಬರು. ಗಿಟಾರು ವಾದಕ ಪೀಟ್ ಟೌನ್ಸೆಂಡ್ ಅವರ ಭಕ್ತರು. ಇನ್ನೊಬ್ಬರು ಅಮೆರಿಕದ ಟೆರಿ ರೈಲಿ. ಸಣ್ಣ ಸ್ವರಪುಂಜವನ್ನು ಆವರ್ತಿಸುತ್ತ ಬೆಳೆಸುವ ಅವರ ಪದ್ಧತಿಯನ್ನು ಆ ಹಾಡಿನ ಆರಂಭದ ಆರ್ಗನ್ನು ಅನುಸರಿಸುತ್ತದೆ. ಈ ರೈಲಿ ೧೯೭೦ರಲ್ಲಿ ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನರು. ಅದೇ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಟೌನ್ಸೆಂಡರಿಗೆ ಪ್ರೇರಣೆಯಾದ ರೈಲಿಯವರ ಆಲ್ಬಮ್ಮು ೧೯೬೯ರದು, ಅಂದರೆ ಶಿಷ್ಯತ್ವಕ್ಕೆ ಹಿಂದಿನದು. ಆದ್ದರಿಂದ ಆ ಹಾಡಿನಲ್ಲಿ ಕಿರಾಣಾ ಇದೆಯೆಂದು ನಾನು ಹೇಳುವುದಿಲ್ಲ. ಕಾಲವಿಚಾರದಲ್ಲಿ ಪಂಡಿತನು ಕೃಪಣನಾಗಿರಬೇಕು. ಆ ಹಾದಿಯಲ್ಲಿ ಇನ್ನು ಕೆಲವು ಹೆಜ್ಜೆ ನಡೆದರೆ ಕುಂದಗೋಳ ಬರುತ್ತದೆಂದಷ್ಟೇ ತಾತ್ಪರ್ಯ. ಟೌನ್ಸೆಂಡರಿಗೂ ಶ್ರವಣದೋಷ ಉಂಟು. ಸ್ಟುಡಿಯೋದ ಹೆಡ್‌ಫೋನುಗಳೇ ಕಾರಣವೆಂದು ಅವರೇ ಹೇಳಿಕೊಂಡಿದ್ದಾರೆ.

ಝಡ್ ಅಕ್ಷರದಲ್ಲಿ ಇಬ್ಬರು. ಮಾಂಟ್ರೊದ ಬೆಂಕಿಯಲ್ಲಿ ವಾದ್ಯಗಳನ್ನು ಕಳೆದುಕೊಂಡ ಝಾಪ್ಪಾ 'ಹಾಟ್ ರ‍್ಯಾಟ್ಸ್' (೧೯೬೯) ಸಮೇತ ಇಲ್ಲಿ ಭೇಟಿಯಾದರು. ಅವರು ತೀರಿಕೊಂಡದ್ದು ೧೯೯೩ರ ಡಿಸೆಂಬರ್ ೪ರಂದು, ಆ ಬೆಂಕಿಯ ತಾರೀಖಿನಂದೇ. ಕಟ್ಟಕಡೆಗೆ ಟೆಕ್ಸಸ್ ಪ್ರಾಂತದ ಝಡ್‌ಝಡ್ ಟಾಪ್ ತಂಡದ 'ಟ್ರೆಸ್ ಓಂಬ್ರೆಸ್' (೧೯೭೩). ಎರಡು ಝಡ್‌ಗಳಿದ್ದ ಮೇಲೆ ಇವರನ್ನು ಹಿಂದಿಕ್ಕುವವರು ಯಾರು? ಮೂವರೇ ಬಾರಿಸುವ, ಅರ್ಧ ಗಂಟೆಗೆ ಸ್ವಲ್ಪ ಮೇಲೆ ಮುಗಿಯುವ ಹದವಾದ ಸಂಗೀತ. ಹುಡುಗ ಬೆರಳು ತಟ್ಟುತ್ತಿದ್ದ; ನಾನು ಎಡಗಿವಿಯನ್ನು ಪೆಟ್ಟಿಗೆಯ ಕಡೆಗೆ ತಿರುಗಿಸಿ ಕುಳಿತಿದ್ದೆ.

ಈಗ ಬಲಗಿವಿಗೆ ಯಂತ್ರ ಬಂದಿದೆ. ತರಗತಿಯಲ್ಲಿ ಶಂಕರನು ಮತ್ತೆ ಶಂಕರನಾಗಿದ್ದಾನೆ. ಸಂಗೀತಕ್ಕೆ ಅದನ್ನು ತೆಗೆದಿಡುತ್ತೇನೆ. ಅದರಲ್ಲಿ ಗಿಟಾರು ತಗಡಿನಂತೆ ಕೇಳುತ್ತದೆ. ಕಪಾಟನ್ನೂ ತಟ್ಟೆ ತಿರುಗಿಸುವ ಯಂತ್ರವನ್ನೂ ಪ್ರಸಾದನಿಲಯದ ವಾಚನಾಲಯಕ್ಕೆ ಒಪ್ಪಿಸುವುದೆಂದು ಪೂಜ್ಯ ಶ್ರೀಗಳವರಲ್ಲಿ ಭಿನ್ನವಿಸಿಕೊಂಡೆ. "ಅಭ್ಯಾಸದ ಹೊತ್ತು ಬಿಟ್ಟು ಕೇಳಲಿ. ಪಂಡಿತರೂ ಬಂದು ಕೇಳುತ್ತಿರಲಿ" ಎಂದು ಅಪ್ಪಣೆಯಾಯಿತು. ಬರುವ ಶ್ರಾವಣದಲ್ಲಿ ಸಾಗಿಸುವುದೆಂದು ನಿಶ್ಚಯವಾಗಿದೆ. ಗ್ರಂಥಪಾಲಕರಿಗೆ ಪಟ್ಟಿಯ ಎರಡು ಪ್ರತಿಗಳನ್ನು ಬರೆದುಕೊಟ್ಟಿದ್ದೇನೆ. ಅದರ ಮೊದಲ ಸಾಲಿನಲ್ಲಿ ಸಂಖ್ಯೆಯ ಮುಂದೆ ಏನೂ ಬರೆದಿಲ್ಲ. ಅವರು ಅದನ್ನು ನೋಡಿ ಹೆಸರು ಬಿಟ್ಟುಹೋಗಿದೆಯೆಂದು ಎರಡು ಬಾರಿ ಹೇ಼ಳಿಕಳುಹಿಸಿದ್ದಾರೆ.